ಮೊಬೈಲ್ ಕಿತ್ತುಕೊಂಡರೆ ಮುಗಿಯಿತೇ?

ಮಗಳ ಮೊಬೈಲ್‌ನಲ್ಲಿ ಏನೋ ಬೇಡದ್ದು ಕಣ್ಣಿಗೆ ಬಿತ್ತು. ನೀವು ಮೊದಲು ಏನು ಮಾಡುತ್ತೀರಿ? ನಮ್ಮ ಬಹುತೇಕ ಮನೆಗಳಲ್ಲಿ ಆಗುವುದು ಒಂದೇ. ಮೊಬೈಲ್ ಕಿತ್ತುಕೊಳ್ಳುತ್ತೇವೆ, ಸಿಮ್ ಮುರಿದು ಬಿಸಾಡುತ್ತೇವೆ, ಎರಡೇಟು ಬಿಗಿಯುವವರೂ ಇದ್ದಾರೆ. ಹುಡುಗಿಯಾದರೆ ಅಷ್ಟಕ್ಕೇ ನಿಲ್ಲುವುದಿಲ್ಲ, ಮಾತು “ನಾಳೆಯಿಂದ ಕಾಲೇಜೂ ಬೇಡ” ಎಂಬಲ್ಲಿಗೆ ಹೋಗುತ್ತದೆ. ಮಗಳನ್ನು ಉಳಿಸಿಕೊಂಡೆವು ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ, ಅವಳನ್ನು ಬೆದರಿಸುತ್ತಿರುವವನಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಮಕ್ಕಳನ್ನು ಸುಲಿಯುವವರ ಬಂಡವಾಳ ಕೈಯಲ್ಲಿರುವ ಫೋಟೊ ಮಾತ್ರವಲ್ಲ. “ನಿನ್ನ ಅಬ್ಬಾನಿಗೆ ಕಳಿಸಲೇ?” ಎಂಬ ಒಂದು ಸಾಲೇ ನಿಜವಾದ ಬಂಡವಾಳ. ಅಬ್ಬಾನಿಗೆ ಗೊತ್ತಾದರೆ ಏನಾಗುತ್ತದೆ ಎಂಬುದು ಮಗುವಿಗೆ ಮೊದಲೇ ಗೊತ್ತು. ಚಿಕ್ಕಪ್ಪನ ಮಗಳಿಗೆ ಆದದ್ದನ್ನು ಅದು ನೋಡಿದೆ. ಹಾಗಾಗಿ ಬಾಯಿ ಬಿಡುವುದಿಲ್ಲ, ಕೇಳಿದ್ದನ್ನೆಲ್ಲ ಕೊಡುತ್ತಾ ಹೋಗುತ್ತದೆ. ಗಂಡು ಮಕ್ಕಳ ಪಾಡೂ ಬೇರೆಯಲ್ಲ. ಆಟದ ಚಾಟ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಓರಗೆಯ ಹುಡುಗಿಯ ಹೆಸರಿನಲ್ಲಿ ಪರಿಚಯವಾಗುತ್ತದೆ, ಸಲಿಗೆ ಬೆಳೆಯುತ್ತದೆ, ಬೇರೆ ಆ್ಯಪ್‌ಗೆ ಬಾ ಎಂಬ ಕರೆ ಬರುತ್ತದೆ, ಒಂದು ಫೋಟೊ ಹೋಗುತ್ತದೆ. ಅಲ್ಲಿಂದ ದುಡ್ಡಿನ ಮಾತು. ‘ಹುಡುಗ ತಾನೇ’ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ.

ಇನ್ನು, ‘ನಮ್ಮ ಮಗಳು ಅಂಥದ್ದೇನೂ ಕಳಿಸುವವಳಲ್ಲ’ ಎಂಬ ಧೈರ್ಯವೂ ಸಾಲದು. 2021ರ ‘ಸುಲ್ಲಿ ಡೀಲ್ಸ್’, 2022ರ ಜನವರಿಯ ‘ಬುಲ್ಲಿ ಬಾಯಿ’ ನೆನಪಿರಬಹುದು. ಪತ್ರಕರ್ತೆಯರೂ ಹೋರಾಟಗಾರ್ತಿಯರೂ ಸೇರಿದಂತೆ ಮುಸ್ಲಿಂ ಮಹಿಳೆಯರ ಫೋಟೊಗಳನ್ನು ಅವರದೇ ಖಾತೆಗಳಿಂದ ಎತ್ತಿ ‘ಹರಾಜಿಗೆ’ ಇಟ್ಟಿದ್ದರು. ಅವು ಸಾಮಾನ್ಯ ಫೋಟೊಗಳೇ. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿ. ಅವರೂ ಯಾರದೋ ಮನೆಯ ಮಕ್ಕಳು, ಬಾಗಿಲು ಹಾಕಿಕೊಂಡು ಓದುತ್ತಿದ್ದಾರೆ ಎಂದು ಅವರ ತಂದೆತಾಯಿಯೂ ನಂಬಿದ್ದಿರಬಹುದು. ಆದ್ದರಿಂದ ಮಗಳಿಗೆ ಹೇಳುವ ಬುದ್ಧಿಮಾತಿನ ಅರ್ಧದಷ್ಟನ್ನಾದರೂ ಮಗನಿಗೆ ಹೇಳಿ. ಸಹಪಾಠಿಯ ಫೋಟೊಗೆ ಏನೋ ಬರೆದು ಗ್ರೂಪಿಗೆ ಹಾಕುವುದು ತಮಾಷೆಯಲ್ಲ ಎಂದು ಅವನಿಗೆ ಮನೆಯಲ್ಲೇ ತಿಳಿಯಬೇಕು.

ಹಾಗಾದರೆ ಮಗು ಬಂದು ಹೇಳಿದಾಗ ಏನು ಮಾಡಬೇಕು? ಮೊದಲು ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಅವರು ಬಿಡುವುದಿಲ್ಲ. ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಬೇಡಿ, ಮೊಬೈಲ್ ಒಡೆಯಬೇಡಿ. ಸಾಕ್ಷಿ ಇರುವುದೇ ಅದರಲ್ಲಿ. ಬೆದರಿಕೆಯ ಸಂದೇಶ, ಖಾತೆಯ ಹೆಸರು, ನಂಬರು, ದುಡ್ಡು ಕೇಳಿದ ಯುಪಿಐ ವಿವರ, ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ ಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಿ. ಆದರೆ ಮಗುವಿನ ಫೋಟೊವನ್ನು ಮಾತ್ರ ಮಾಮನಿಗಾಗಲಿ ಜಮಾಅತಿನ ಹಿರಿಯರಿಗಾಗಲಿ ‘ನೋಡಿ, ಹೀಗಾಗಿದೆ’ ಎಂದು ಕಳಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು.

ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ. ಹದಿನೆಂಟು ತುಂಬುವ ಮೊದಲು ತೆಗೆದ ಅಂಥ ಫೋಟೊಗೆ ಅದು ಒಂದು ಗುರುತುಸಂಖ್ಯೆ ಮಾಡುತ್ತದೆ. ಫೋಟೊ ನಿಮ್ಮ ಮೊಬೈಲ್ ಬಿಟ್ಟು ಹೋಗುವುದಿಲ್ಲ, ಆ ಸಂಖ್ಯೆ ಮಾತ್ರ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳಿಗೆ ತಲುಪಿ, ಅವು ತಮ್ಮಲ್ಲಿ ಆ ಚಿತ್ರವನ್ನು ಹುಡುಕಿ ತೆಗೆಯಬಹುದು.

‘ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರೆ ನಾಳೆ ಮಗಳ ನಿಕಾಹ್ ಹೇಗೆ?’ ಎಂದು ಕೇಳುತ್ತೀರಿ, ಗೊತ್ತು. 2012ರ ಪೋಕ್ಸೋ ಕಾಯ್ದೆಯಲ್ಲಿ ಈ ಭಯಕ್ಕೆ ಉತ್ತರವಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಹೆಸರು, ಫೋಟೊ, ಮನೆ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ. ಇದನ್ನು ತಿಳಿದುಕೊಂಡು, ಬೇಕಿದ್ದರೆ ಒಬ್ಬ ವಕೀಲರನ್ನು ಜೊತೆಗಿಟ್ಟುಕೊಂಡು ಹೋಗಿ.

ದಿನನಿತ್ಯದ ಕಟ್ಟುಪಾಡು ಬೇಡವೆಂದಲ್ಲ. ಇಶಾ ಆದ ಮೇಲೆ ಮನೆಯ ಎಲ್ಲ ಮೊಬೈಲ್‌ಗಳೂ, ಅಬ್ಬಾನದ್ದೂ ಸೇರಿ, ಹಾಲ್‌ನಲ್ಲೇ ಚಾರ್ಜಿಗಿರಲಿ. ಮಕ್ಕಳ ಖಾತೆ ಪ್ರೈವೇಟ್ ಆಗಿರಲಿ; ವಾಟ್ಸ್ಆ್ಯಪ್‌ನಲ್ಲಿ ಕಂಡಕಂಡವರು ಗ್ರೂಪಿಗೆ ಸೇರಿಸದಂತೆ ಸೆಟ್ಟಿಂಗ್ ಬದಲಿಸಿ. ಫ್ಯಾಮಿಲಿ ಲಿಂಕ್ ಹಾಕುವುದಾದರೆ ಮಗುವಿಗೆ ಹೇಳಿಯೇ ಹಾಕಿ. ಕದ್ದು ನೋಡುವ ಮನೆಯಲ್ಲಿ ಮಕ್ಕಳು ಎರಡನೆಯ ಖಾತೆ ತೆರೆಯುತ್ತಾರೆ, ಅದು ನಿಮಗೆ ಕಾಣುವುದೇ ಇಲ್ಲ.

ಮಗು ಊಟ ಬಿಟ್ಟಿದೆ, ನಿದ್ದೆಯಿಲ್ಲ, ಮೊಬೈಲ್ ಸದ್ದಾದರೆ ಬೆಚ್ಚುತ್ತದೆ ಎಂದಾದರೆ ದೃಷ್ಟಿ ತಾಗಿದೆ ಎಂದು ಕಾಯುತ್ತಾ ಕೂರಬೇಡಿ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಅದು ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ.