ಎಣಿಕೆಗೆ ಬಾರದ ರೋಗಿಗಳು

ಸರಕಾರವು ಒಂದು ಜನವರ್ಗವನ್ನು ಯಾವ ದೃಷ್ಟಿಯಿಂದ ಕಾಣುತ್ತದೆಂಬುದನ್ನು ತಿಳಿಯಬೇಕಾದರೆ, ಅವರ ಹೆಸರನ್ನು ಯಾವ ದಫ್ತರದಲ್ಲಿ ಬರೆದಿಟ್ಟಿದೆಯೆಂಬುದನ್ನು ನೋಡಿದರೆ ಸಾಕು. 1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿದಾಗ, ಅದರ ಎರಡನೆಯ ಭಾಗವು ಸಂಶಯಕ್ಕೆ ಗುರಿಯಾದ ಹಿಜಡಾ ಜನರ ಹೆಸರನ್ನೂ ವಾಸಸ್ಥಳವನ್ನೂ ದಾಖಲು ಮಾಡುವುದಕ್ಕೆ ಮೀಸಲಾಗಿದ್ದಿತು. ಪರಕೀಯರ ಆಳಿಕೆ ಹೋದ ಮೇಲೂ ಆ ಬುದ್ಧಿ ಹೋಗಲಿಲ್ಲ. 2011ರಲ್ಲಿ ಕರ್ನಾಟಕದ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಿ, ಅದೇ ಬಗೆಯ ಪಟ್ಟಿಯನ್ನಿಡಲು ಎಡೆಮಾಡಲಾಯಿತು. ಹೈಕೋರ್ಟಿನ ಮುಂದೆ ಅರ್ಜಿ ಬಂದ ತರುವಾಯವೇ ಇವರನ್ನು ಹೆಸರಿಸುವ ಪದವನ್ನು ಆ ಕಲಮಿನಿಂದ ತೆಗೆದುಹಾಕಿದುದು.

ಪೊಲೀಸರದನ್ನು ಬಿಟ್ಟರೆ ಇವರು ಕಾಣಿಸಿಕೊಳ್ಳುವ ಎರಡನೆಯ ದಫ್ತರ ಏಡ್ಸ್ ನಿಯಂತ್ರಣ ಇಲಾಖೆಯದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯವರ 2017ರ ಲೆಕ್ಕದಂತೆ, ದೇಶದ ವಯಸ್ಕರಲ್ಲಿ ಎಚ್‌.ಐ.ವಿ. ಸೋಂಕು ಇದ್ದವರು ನೂರಕ್ಕೆ 0.22 ಮಾತ್ರ, ಹಿಜಡಾ ಮತ್ತಿತರ ಲಿಂಗಪರಿವರ್ತಿತರಲ್ಲಿ 3.14, ಪುರುಷರೊಡನೆ ದೇಹಸಂಬಂಧವುಳ್ಳ ಪುರುಷರಲ್ಲಿ 2.69. ಅಂದರೆ ಹದಿನಾಲ್ಕು ಪಟ್ಟು, ಹನ್ನೆರಡು ಪಟ್ಟು. ಈ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟುದರಿಂದ ಉಪಕಾರವಾಗಿಲ್ಲವೆಂದು ಯಾರೂ ಹೇಳಲಾರರು. ಅನೇಕರ ಪ್ರಾಣ ಉಳಿದಿದೆ. ಆದರೆ ಈ ರೋಗವೊಂದನ್ನೇ ಇಷ್ಟು ಜಾಗರೂಕತೆಯಿಂದ ಎಣಿಸುವುದಕ್ಕೆ, ಅದು ಇವರಿಂದ ಉಳಿದವರಿಗೆ ಹಬ್ಬೀತೆಂಬ ಭಯವೂ ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ. ಇವರ ಮನೋವ್ಯಥೆ, ಆತ್ಮಹತ್ಯೆ, ಸಕ್ಕರೆ ರೋಗ, ಹೃದಯರೋಗ, ಮುಪ್ಪಿನ ನಿರಾಶ್ರಿತತೆ, ಇವು ಅಕ್ಕಪಕ್ಕದವರಿಗೆ ಅಂಟುವಂಥವಲ್ಲ. ಆದುದರಿಂದಲೇ ಅವುಗಳ ಲೆಕ್ಕವನ್ನು ಇದೇ ಶ್ರದ್ಧೆಯಿಂದ ಇಟ್ಟವರಿಲ್ಲ.

ಈ ಉಳಿದ ವ್ಯಾಧಿಗಳ ಲೆಕ್ಕವನ್ನು ತೆಗೆಯುವ ಕೆಲಸಕ್ಕೆ ಅಮೆರಿಕೆಯಲ್ಲಿ ಸಮಾಜಕಾರ್ಯದ ಪಂಡಿತರು ಕೈಹಾಕಿದರು. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಮಾಜಕಾರ್ಯ ಶಾಲೆಯಲ್ಲಿ ಕರೆನ್ ಫ್ರೆಡ್ರಿಕ್ಸೆನ್-ಗೋಲ್ಡ್‌ಸೆನ್ ಎಂಬ ವಿದುಷಿಯ ನೇತೃತ್ವದಲ್ಲಿ ನಡೆದ ವಿಚಾರಣೆಯ ವರದಿ 2011ರಲ್ಲಿ ಹೊರಬಿದ್ದಿತು. ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರಾದ, 50ರಿಂದ 95 ವಯಸ್ಸಿನವರೆಗಿನ 2,560 ಮಂದಿಯನ್ನು ಅವರು ವಿಚಾರಿಸಿದರು. ನೂರಕ್ಕೆ 31 ಮಂದಿ ಖಿನ್ನತೆಯಿಂದ ನರಳುತ್ತಿದ್ದರು. ನೂರಕ್ಕೆ 82 ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಹಿಂಸೆ, ಅವಮಾನಗಳಿಗೆ ಗುರಿಯಾಗಿದ್ದರು. ನೂರಕ್ಕೆ 13 ಮಂದಿಗೆ ಚಿಕಿತ್ಸೆಯನ್ನೇ ನಿರಾಕರಿಸಲಾಗಿತ್ತು, ಇಲ್ಲವೆ ಕೀಳ್ತರದ ಚಿಕಿತ್ಸೆ ದೊರೆತಿತ್ತು. ನೂರಕ್ಕೆ 21 ಮಂದಿ ತಮ್ಮ ನಿಜಸ್ಥಿತಿಯನ್ನು ವೈದ್ಯನಿಗೂ ತಿಳಿಸಿರಲಿಲ್ಲ. ಹಣಕ್ಕಾಗಲಿ ಆಸ್ಪತ್ರೆಗಳಿಗಾಗಲಿ ಕೊರತೆಯಿಲ್ಲದ ದೇಶದ ಸ್ಥಿತಿ ಇದು.

ಇದೆಲ್ಲ ಅವರ ಪ್ರಕೃತಿಯ ಫಲ, ಸಮಾಜದ ಮೇಲೆ ಹೊಣೆ ಹೊರಿಸುವುದೇಕೆ ಎಂದು ಕೇಳುವವರುಂಟು. ಇದಕ್ಕೂ ಉತ್ತರ ದೊರೆತಿದೆ. 2004 ಮತ್ತು 2005ರಲ್ಲಿ ಅಮೆರಿಕೆಯ ಹಲವು ಸಂಸ್ಥಾನಗಳು ಒಂದೇ ಲಿಂಗದವರ ವಿವಾಹವನ್ನು ತಮ್ಮ ರಾಜ್ಯಾಂಗದಲ್ಲಿಯೇ ನಿಷೇಧಿಸಿದವು. ಆ ಸಂಸ್ಥಾನಗಳಲ್ಲಿನ ಸಲಿಂಗಾನುರಾಗಿಗಳಲ್ಲಿ ಖಿನ್ನತೆಯೇ ಮೊದಲಾದ ಚಿತ್ತರೋಗಗಳು ನೂರಕ್ಕೆ 36ರಷ್ಟು ಏರಿದುವೆಂದು ಮಾರ್ಕ್ ಹ್ಯಾಟ್ಜೆನ್‌ಬ್ಯೂಲರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಪಡಿಸಿದರು. ಅಂಥ ನಿಷೇಧವಿಲ್ಲದ ಸಂಸ್ಥಾನಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ರೋಗದ ಮೂಲವು ಪ್ರಕೃತಿಯೊಂದೇ ಆಗಿದ್ದರೆ, ಅದು ಸಂಸ್ಥಾನಗಳ ಗಡಿಯನ್ನು ಅರಿತು ನಡೆದೀತೆ?

ಇದು ಪರದೇಶದ ಮಾತಾಯಿತು. ನಮ್ಮಲ್ಲಿ ಆಜ್ಞೆಗಳಿಗೇನೂ ಬರಗಾಲವಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ, ಇವರ ಭಯ, ಲಜ್ಜೆ, ಖಿನ್ನತೆ, ಆತ್ಮಹತ್ಯಾಪ್ರವೃತ್ತಿಗಳನ್ನು ಸರಕಾರಗಳು ಗಂಭೀರವಾಗಿ ಪರಿಗಣಿಸಬೇಕೆಂದೂ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಏರ್ಪಾಡು ಮಾಡಬೇಕೆಂದೂ ವಿಧಿಸಲಾಯಿತು. 2017ರಲ್ಲಿ ಕರ್ನಾಟಕ ಸರಕಾರವು ಇವರಿಗಾಗಿ ಒಂದು ನೀತಿಯನ್ನೇ ಅಂಗೀಕರಿಸಿತು. 2021ರಲ್ಲಿ ಸರಕಾರಿ ನೌಕರಿಗಳಲ್ಲಿ ನೂರಕ್ಕೆ ಒಂದರಂತೆ ಸ್ಥಾನ ಮೀಸಲಿಟ್ಟಿತು. ಇದು ಶ್ಲಾಘ್ಯವಾದುದು. ಆದರೆ 2014ರ ತೀರ್ಪು ಹೇಳಿದ ಆ ಖಿನ್ನತೆಯು ಎಷ್ಟು ಕುಗ್ಗಿತು, ಎಷ್ಟು ಪ್ರಾಣಗಳುಳಿದುವು ಎಂದು ಕೇಳಿದರೆ, ಲೆಕ್ಕವನ್ನೇ ಇಡದವರು ಏನೆಂದು ಹೇಳಿಯಾರು? 2011ರ ಜನಗಣತಿಯು 'ಇತರ' ಎಂಬ ಕಾಲಮಿನಲ್ಲಿ ದೇಶದಲ್ಲೆಲ್ಲ 4,87,803 ಮಂದಿಯನ್ನು, ಕರ್ನಾಟಕದಲ್ಲಿ 20,266 ಮಂದಿಯನ್ನು ಎಣಿಸಿತು. ಸಲಿಂಗಾನುರಾಗಿಗಳಿಗೆ ಆ ಗಣತಿಯಲ್ಲಿ ಯಾವ ಕಾಲಮೂ ಇರಲಿಲ್ಲ.

ಹಾಗಾದರೆ ಮತ್ತೊಂದು ಪಟ್ಟಿಯನ್ನು ಮಾಡತಕ್ಕದ್ದೇ? ಇಲ್ಲಿಯೇ ಎಚ್ಚರ ಬೇಕು. ಪಟ್ಟಿಯೆಂದರೆ ಪೊಲೀಸರೆಂದು ತಲೆಮಾರುಗಳಿಂದ ಕಲಿತವರು, ಕೈಯಲ್ಲಿ ಪುಸ್ತಕ ಹಿಡಿದು ಬಂದವನಿಗೆ ಬಾಗಿಲು ತೆರೆಯದಿದ್ದರೆ ತಪ್ಪು ಅವರದಲ್ಲ. ಸಮಾಜಕಾರ್ಯದ ವ್ಯಾಸಂಗಕ್ಕೂ ಗುಮಾಸ್ತೆಯ ಗಣತಿಗೂ ಇರುವ ಅಂತರ ಇದೇ. ವ್ಯಾಸಂಗ ಮಾಡುವವನು ಹೆಸರನ್ನು ಕೇಳುವುದಿಲ್ಲ, ಒಪ್ಪಿಗೆಯನ್ನು ಕೇಳುತ್ತಾನೆ. ಆ ಜನರಲ್ಲಿಯೇ ಕೆಲವರನ್ನು ಸಹೋದ್ಯೋಗಿಗಳನ್ನಾಗಿ ಮಾಡಿಕೊಳ್ಳುತ್ತಾನೆ. ರೋಗಿಗೆ ಏನು ಆಗಿದೆಯೆಂದು ಕೇಳುವುದರ ಜೊತೆಗೆ, ಆಸ್ಪತ್ರೆಯಲ್ಲಿ ಅವನನ್ನು ಯಾವ ವಾರ್ಡಿನಲ್ಲಿ ಮಲಗಿಸಿದರು, ಯಾವ ಹೆಸರಿನಿಂದ ಕೂಗಿದರು, ಮತ್ತೆ ಬಾರದಿರಲು ಕಾರಣವೇನು ಎಂಬುದನ್ನೂ ಕೇಳುತ್ತಾನೆ.

ಇಂಥ ಕೆಲಸಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. 1936ರಲ್ಲಿಯೇ ಮುಂಬಯಿಯಲ್ಲಿ ಸಮಾಜಕಾರ್ಯದ ಶಾಲೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಬೇಕಾಗಿರುವುದು ಸರಕಾರದ ಮನಸ್ಸು. ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕಾಗಿ ತರಬೇತಾದ ಸಮಾಜಕಾರ್ಯಕರ್ತರನ್ನು ನೇಮಿಸಲಿ. ಹೆಸರಿಲ್ಲದ ಲೆಕ್ಕವನ್ನು ವರ್ಷವರ್ಷವೂ ಶಾಸನಸಭೆಯ ಮುಂದಿಡಲಿ. ಆ ಲೆಕ್ಕದ ಒಂದು ಅಕ್ಷರವೂ ಪೊಲೀಸರ ಕೈ ಸೇರದಂತೆ ಕಾಯಿದೆಯಿಂದಲೇ ಕಟ್ಟುಮಾಡಲಿ. ಅಪರಾಧದ ಶಂಕೆಯಿಂದ ಒಮ್ಮೆ, ಸೋಂಕಿನ ಭೀತಿಯಿಂದ ಇನ್ನೊಮ್ಮೆ ಈ ಜನರನ್ನು ಎಣಿಸಿದ್ದಾಯಿತು. ಇನ್ನಾದರೂ ಅವರ ಕ್ಷೇಮಕ್ಕಾಗಿ ಎಣಿಸುವುದು ಸ್ವತಂತ್ರ ದೇಶದ ಸರಕಾರಕ್ಕೆ ತಕ್ಕ ಕೆಲಸವಾಗಿದೆ.