ನಡೆಯುತ್ತಿದೆಯಲ್ಲ, ಮುಟ್ಟಬೇಡಿ

ನಮ್ಮ ಕಛೇರಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕಲಿಯುವ ಮಾತೊಂದಿದೆ: "ನಡೆಯುತ್ತಿದೆಯಲ್ಲ, ಮುಟ್ಟಬೇಡಿ." ಇಪ್ಪತ್ತು ವರ್ಷ ಇದನ್ನು ಕೇಳಿಸಿಕೊಂಡಿದ್ದೇನೆ. ಅದರಲ್ಲಿ ಹತ್ತು ವರ್ಷ ನಾನೇ ಕಿರಿಯರಿಗೆ ಹೇಳಿಯೂ ಇದ್ದೇನೆ. ಈಗ ಇದೇ ಮಾತಿನ ಮೇಲೆ ಜಗಳಕ್ಕೆ ನಿಂತಿದ್ದೇನೆ. ಆದ್ದರಿಂದ ನನ್ನ ಪಾಲಿನ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಜಾವಾ ಎಂಬ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವಳು. ಬರೆಯುವವಳು ಎಂದೆನೇ? ಪೂರ್ತಿ ನಿಜವಲ್ಲ. ಬರೆಯುವುದು ಸ್ವಲ್ಪ, ಕಡ ತರುವುದೇ ಹೆಚ್ಚು. ದಿನಾಂಕ ಲೆಕ್ಕ ಹಾಕಲು ಯಾರೋ ಬರೆದಿಟ್ಟದ್ದು, ಇ-ಮೇಲ್ ಕಳಿಸಲು ಇನ್ಯಾರೋ ಬರೆದಿಟ್ಟದ್ದು, ಪ್ರೋಗ್ರಾಮು ದಿನವಿಡೀ ಏನೇನು ಮಾಡಿತೆಂದು ದಿನಚರಿ ಬರೆದಿಡಲು ಮತ್ಯಾರದೋ. ಇವನ್ನು ಲೈಬ್ರರಿ ಎನ್ನುತ್ತಾರೆ. ಒಂದೊಂದೂ 'ಜಾರ್' ಎಂಬ ಫೈಲಿನಲ್ಲಿ ಬರುತ್ತದೆ. ಒಮ್ಮೆ ನಾನು ಫೋನಿನಲ್ಲಿ "ಆ ಹಳೇ ಜಾರ್ ತೆಗೆದುಹಾಕಿ" ಎನ್ನುತ್ತಿದ್ದುದನ್ನು ಕೇಳಿ ನಮ್ಮ ಅತ್ತೆಯವರು, "ಉಪ್ಪಿನಕಾಯಿ ಕೆಟ್ಟಿತೇನಮ್ಮಾ?" ಎಂದಿದ್ದರು. ಇಲ್ಲ ಅತ್ತೆ ಎಂದು ನಕ್ಕಿದ್ದೆ. ಹೌದು ಎಂದಿದ್ದರೂ ಅಷ್ಟೇನೂ ಸುಳ್ಳಾಗುತ್ತಿರಲಿಲ್ಲ.

ಈ ಕಡದ ಪಟ್ಟಿ ಇಡುವುದಕ್ಕೆ ಮೇವನ್ ಎಂಬ ಸಲಕರಣೆ ಇದೆ. ಬೇಕಾದ ಲೈಬ್ರರಿಯ ಹೆಸರು, ಅದರ ಆವೃತ್ತಿಯ ಸಂಖ್ಯೆ ಬರೆದಿಟ್ಟರೆ ಸಾಕು, ಸೆಂಟ್ರಲ್ ಎಂಬ ದೊಡ್ಡ ಉಗ್ರಾಣದಿಂದ ಅದೇ ತಂದುಕೊಡುತ್ತದೆ. 2005ರಲ್ಲಿ ಬಂದ ಮೇವನ್ 2 ಇನ್ನೂ ಒಂದು ಉಪಕಾರ ಮಾಡಿತು. ನಾವು ಕರೆದ ಲೈಬ್ರರಿ ಬೇರೆ ಲೈಬ್ರರಿಗಳನ್ನು ನೆಚ್ಚಿಕೊಂಡಿದ್ದರೆ, ಅವನ್ನೂ ಹೇಳದೆಯೇ ಕರೆತರತೊಡಗಿತು. ಮದುವೆಗೆ ಒಬ್ಬರನ್ನು ಕರೆದರೆ ಅವರ ಷಡ್ಡಕನೂ ಷಡ್ಡಕನ ತಮ್ಮನೂ ಬಂದ ಹಾಗೆ. ನಮ್ಮ ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೆ ಪಂಕ್ತಿಯಲ್ಲಿ ನೂರೈವತ್ತು ಎಲೆ.

ಬಂದವರ ನಡುವೆ ಜಗಳವೂ ಉಂಟು. ಒಂದೇ ಲೈಬ್ರರಿಯ ಹಳೆಯ ಆವೃತ್ತಿ ಬೇಕೆಂದು ಒಬ್ಬರು, ಹೊಸದೇ ಬೇಕೆಂದು ಇನ್ನೊಬ್ಬರು. ಒಳಗೆ ಹೋಗುವುದು ಸಾಮಾನ್ಯವಾಗಿ ಒಂದೇ. ಯಾವುದು? ಹೊಸದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅಲ್ಲ. ಮೇವನ್ ಆರಿಸುವುದು ನಂಟಿನಲ್ಲಿ ಹತ್ತಿರವಾದದ್ದನ್ನು. ನಂಟು ಸಮನಾಗಿದ್ದರೆ ಪಟ್ಟಿಯಲ್ಲಿ ಮೊದಲು ಬರೆದದ್ದನ್ನು. ಗ್ರೇಡಲ್ ಎಂಬ ಇನ್ನೊಂದು ಸಲಕರಣೆಯಾದರೆ, ನಾವೇನೂ ಹೇಳದಿದ್ದರೆ, ಹೊಸದನ್ನೇ ಹಿಡಿಯುತ್ತದೆ. ಆಯ್ಕೆ ತಪ್ಪಿದರೆ ಪ್ರೋಗ್ರಾಮು ಕಟ್ಟುವಾಗ ಗೊತ್ತೇ ಆಗದೆ ಹೋಗಬಹುದು. ಗ್ರಾಹಕರು ಗುಂಡಿ ಒತ್ತಿದ ಗಳಿಗೆಯಲ್ಲಿ, "ನೀವು ಕೇಳಿದ್ದು ಇಲ್ಲಿ ಇಲ್ಲವೇ ಇಲ್ಲ" ಎಂದು ಅದು ಕೈಚೆಲ್ಲಿ ಕೂರುತ್ತದೆ.

ಈ ಪಟ್ಟಿಯನ್ನು ಆಗಾಗ ತೆಗೆದು ನೋಡುವುದು, ಹಳತಾದದ್ದನ್ನು ಬದಲಿಸುವುದು, ಬೇಡವಾದದ್ದನ್ನು ಹೊರಗೆ ಹಾಕುವುದು ಯಾರ ಕೆಲಸ? ಕೇಳಿ ನೋಡಿ, ಯಾರದೂ ಅಲ್ಲ. ಅಡುಗೆಮನೆಯ ಡಬ್ಬಿಗಳನ್ನು ತಿಂಗಳಿಗೊಮ್ಮೆ ಬಿಸಿಲಿಗಿಟ್ಟು ಜರಡಿ ಹಿಡಿದವಳನ್ನು ಯಾರಾದರೂ ಕಂಡು ಮಾತಾಡಿಸಿದ್ದುಂಟೇ? ಬೇಳೆಯಲ್ಲಿ ಹುಳ ಕಂಡ ದಿನ ಮಾತ್ರ, "ಯಾರು ನೋಡಿಕೊಳ್ಳುತ್ತಿದ್ದರು?" ಎಂಬ ಪ್ರಶ್ನೆ ಬರುತ್ತದೆ.

ನಮ್ಮಲ್ಲಿ ಆ ದಿನ ಬಂದದ್ದು 2021ರ ಡಿಸೆಂಬರ್ 10, ಶುಕ್ರವಾರ. ದಿನಚರಿ ಬರೆಯುವ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ತೂತು ಇದೆಯೆಂದು ಲೋಕಕ್ಕೆಲ್ಲ ಗೊತ್ತಾಯಿತು. ಹೊರಗಿನವರು ಒಂದು ಬಗೆಯ ಸಾಲನ್ನು ಹೆಸರು ಬರೆಯುವ ಜಾಗದಲ್ಲಿ ಬರೆದು ಕಳಿಸಿದರೂ ಸಾಕು. ಲೈಬ್ರರಿ ಅದನ್ನು ಸುಮ್ಮನೆ ಬರೆದುಕೊಳ್ಳುವ ಬದಲು ಅಪ್ಪಣೆಯೆಂದು ತಿಳಿದು, ಕಳ್ಳರ ಪ್ರೋಗ್ರಾಮನ್ನು ಎಲ್ಲಿಂದಲೋ ತಂದು ನಡೆಸಿಬಿಡಬಹುದಿತ್ತು. ಅಪಾಯದ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು. ಸೆಂಟ್ರಲ್ ಉಗ್ರಾಣದ 35,000ಕ್ಕೂ ಹೆಚ್ಚು ಪ್ಯಾಕೇಜುಗಳಿಗೆ, ಎಂದರೆ ಶೇಕಡಾ 8ಕ್ಕೂ ಮೀರಿ, ಇದು ತಗುಲಿದೆಯೆಂದು ಮುಂದಿನ ವಾರ ಗೂಗಲ್‌ನವರು ಲೆಕ್ಕ ಕೊಟ್ಟರು. ಹೆಚ್ಚಿನವು ಅದನ್ನು ನೇರವಾಗಿ ಕರೆದವಲ್ಲ, ಷಡ್ಡಕನ ತಮ್ಮನ ದಾರಿಯಿಂದ ಪಡೆದವು.

"ನಮ್ಮಲ್ಲಿ ಇದೆಯೇ?" ಎಂದು ಮೇಲಿನವರು ಕೇಳಿದರು. ಉತ್ತರ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಕಡೆಗೆ ಕುಳಿತು ಹುಡುಕಿದವಳು ಹಾಸನದ ಕಡೆಯ ಒಬ್ಬ ಹುಡುಗಿ, ಮೂರು ವರ್ಷದ ಅನುಭವ. ಒಂದೊಂದು ಪ್ರಾಜೆಕ್ಟಿಗೂ ಮೇವನ್‌ನಿಂದ ಪೂರಾ ವಂಶವೃಕ್ಷ ಬರೆಸಿ, ಸಾಲು ಸಾಲು ಓದಿದಳು. ಹನ್ನೊಂದು ಕಡೆ ಸಿಕ್ಕಿತು. ಒಂದರಲ್ಲಿಯೂ ನಾವು ಅದರ ಹೆಸರು ಬರೆದಿರಲಿಲ್ಲ! 2.15.0 ಹಾಕಿದಳು. ಅದು ಸಾಲದೆಂದು 2.16.0 ಬಂತು. ಆಮೇಲೆ 2.17.0. ವರ್ಷ ಮುಗಿಯುವುದರೊಳಗೆ 2.17.1. ನಾಲ್ಕು ಸಲ ಹನ್ನೊಂದು ಕಡೆ. ಆ ಲೈಬ್ರರಿಯನ್ನು ರಿಪೇರಿ ಮಾಡುತ್ತಿದ್ದವರೂ ಹೆಚ್ಚಾಗಿ ಬಿಡುವಿನಲ್ಲಿ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೇ ಎಂಬುದನ್ನು ಇಲ್ಲಿ ಹೇಳಬೇಕು. ಕೋಟ್ಯಂತರ ಗಳಿಸುವ ಕಂಪನಿಗಳು ಬೈದದ್ದು ಅವರನ್ನೇ.

ಮಾರ್ಚಿನ ಅಪ್ರೈಸಲ್‌ನಲ್ಲಿ ಆ ಹುಡುಗಿಗೆ ಬಂದ ಪ್ರಶ್ನೆ: "ಈ ವರ್ಷ ಹೊಸದಾಗಿ ಏನು ಮಾಡಿದಿರಿ?" ಅವಳು ನನ್ನ ಕಡೆ ನೋಡಿದಳು. ಮೇಜಿನ ಈಚೆ ಕುಳಿತಿದ್ದ ನಾನು ಹಾಳೆ ತಿರುವಿದೆ.

ಮುಟ್ಟಬೇಡಿ ಎನ್ನುವವರಿಗೂ ಅವರದೇ ಕಾರಣವಿದೆ. ಆವೃತ್ತಿ ಬದಲಿಸಿದರೆ ನಡೆಯುತ್ತಿದ್ದದ್ದು ನಿಲ್ಲಬಹುದು. ನಿಂತದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಕಣ್ಣುಮುಚ್ಚಿ ಸದಾ ಹೊಸದನ್ನೇ ತರಿಸುವವರನ್ನಂತೂ ನಾನು ಒಪ್ಪುವುದಿಲ್ಲ. ಸಂಖ್ಯೆಯನ್ನು ಖಚಿತವಾಗಿ, ಒಂದೇ ಜಾಗದಲ್ಲಿ ಬರೆದಿಡಬೇಕು. ಮೇವನ್‌ನಲ್ಲಿ ಅದಕ್ಕೆಂದೇ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಎಂಬ ವಿಭಾಗವಿದೆ. ಆದರೆ ಬರೆದಿಟ್ಟು ಮರೆಯುವುದು ಜೋಪಾನವಲ್ಲ. 2017ರ ಮಾರ್ಚಿನಲ್ಲಿ ಸ್ಟ್ರಟ್ಸ್ ಎಂಬ ಜಾವಾ ಲೈಬ್ರರಿಯ ತೂತಿಗೆ ತೇಪೆ ಬಂದಿತ್ತು. ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ ಅದನ್ನು ಒಂದು ಕಡೆ ಹಾಕಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅಲ್ಲಿಂದಲೇ ನುಗ್ಗಿ ಸುಮಾರು 14.7 ಕೋಟಿ ಜನರ ವಿವರ ಹೊತ್ತುಕೊಂಡು ಹೋದರು. ಅಲ್ಲಿಯೂ ಎಲ್ಲ ನಡೆಯುತ್ತಲೇ ಇತ್ತು.

ಮುಂದೂಡಿದಷ್ಟೂ ಭಾರ ಕೂಡುತ್ತದೆ, ಅದು ಇನ್ನೊಂದು. 2020ರಲ್ಲಿ ಜಕಾರ್ತಾ ಇಇ 9 ಬಂದಾಗ ಜಾವಾಕ್ಸ್ ಎಂದು ಶುರುವಾಗುತ್ತಿದ್ದ ಎಷ್ಟೋ ಹೆಸರುಗಳು ಜಕಾರ್ತಾ ಎಂದಾದವು. 2022ರ ನವೆಂಬರಿನ ಸ್ಪ್ರಿಂಗ್ ಬೂಟ್ 3 ಆ ಹೊಸ ಹೆಸರುಗಳನ್ನೇ ಕೇಳಿತು, ಜಾವಾ 17 ಕೂಡ ಬೇಕೆಂದಿತು. ಸ್ವಲ್ಪಸ್ವಲ್ಪವೇ ಹೊಸದಾಗುತ್ತ ಬಂದ ನಮ್ಮ ಒಂದು ಪ್ರಾಜೆಕ್ಟು ಎರಡು ವಾರದಲ್ಲಿ ದಾಟಿತು. ಆರು ವರ್ಷ ಮುಟ್ಟದೆ ಇಟ್ಟದ್ದಕ್ಕೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಿಗೆ ಬಜೆಟ್ಟು ಸಿಕ್ಕಿತು, ಶಾಲು ಹೊದಿಸುವುದೂ ಆಯಿತು! ಎರಡು ವಾರದವರನ್ನು ಯಾರೂ ಕೇಳಲಿಲ್ಲ.

ಹೊಸ ಆವೃತ್ತಿ ಬಂದಿದೆಯೆಂದು ತಾನಾಗಿ ಹೇಳುವ ಸಲಕರಣೆಗಳಿವೆಯಲ್ಲ ಎಂದು ಒಬ್ಬರು ನನಗೆ ಬುದ್ಧಿ ಹೇಳಿದರು. ಇವೆ. ಹೇಳುತ್ತವೆ. ಓದಿ, ಪರೀಕ್ಷಿಸಿ, ಹೌದು ಅಥವಾ ಬೇಡ ಎನ್ನುವುದಕ್ಕೆ ಒಬ್ಬ ಮನುಷ್ಯರು ಬೇಕು, ಅವರಿಗೆ ಹೊತ್ತು ಬೇಕು. ನಮ್ಮ ತಂಡದಲ್ಲಿ ಆ ಹೊತ್ತು ಯಾವಾಗಲೂ ಹೆಣ್ಣುಮಕ್ಕಳ ಸಂಜೆಯಿಂದಲೇ ಹೋಗುತ್ತಿತ್ತು. ಹೆಂಗಸರಿಗೆ ಅಚ್ಚುಕಟ್ಟು ಹೆಚ್ಚು ಎಂಬ ಹೊಗಳಿಕೆ ಬೇರೆ.

ಆ ಹುಡುಗಿ ಈಗ ನಮ್ಮಲ್ಲಿಲ್ಲ. ಹೋಗುವ ದಿನ, "ಮೇಡಂ, ಪಟ್ಟಿ ಎಲ್ಲ ಸರಿ ಮಾಡಿಟ್ಟಿದ್ದೇನೆ, ಆರು ತಿಂಗಳು ಯೋಚನೆ ಇಲ್ಲ" ಎಂದಳು. ಅವಳಿಗೆ ಕ್ಷಮಿಸು ಎನ್ನಲಿಕ್ಕೂ ನನಗೆ ನಾಲಿಗೆ ಏಳಲಿಲ್ಲ. ಮರುದಿನ ಒಂದು ಪತ್ರ ಬರೆದೆ: ಪ್ರತಿ ಗುರುವಾರ ಮಧ್ಯಾಹ್ನ ಈ ಕೆಲಸಕ್ಕೇ ಮೀಸಲಾಗಬೇಕು, ಗಂಡಸರು ಹೆಂಗಸರು ಎನ್ನದೆ ಸರದಿ ಪ್ರಕಾರ ಎಲ್ಲರೂ ಮಾಡಬೇಕು, ಮ್ಯಾನೇಜರೂ ಸೇರಿ, ಮಾಡಿದ್ದು ಅಪ್ರೈಸಲ್ ಹಾಳೆಯಲ್ಲಿ ಅದರ ಹೆಸರಿನಲ್ಲೇ ದಾಖಲಾಗಬೇಕು. ಮುಂದಿನ ತ್ರೈಮಾಸಿಕದಲ್ಲಿ ನೋಡೋಣ ಎಂದು ಉತ್ತರ ಬಂತು. ಇದು ಮೂರನೆಯ ತ್ರೈಮಾಸಿಕ. ಪತ್ರವನ್ನು ನಿನ್ನೆ ಮತ್ತೆ ಕಳಿಸಿದ್ದೇನೆ.