ತಿಳಿದರೆ ಕೆಟ್ಟಿತೇ ಹಾಡು?

ತನ್ನ ಪಾಡಿಗೆ ವಿಚಿತ್ರವಾಗಿ ಹಾಡಿಕೊಂಡಿದ್ದ ತಂಡವೊಂದು ನಾಲ್ಕು ಜನಕ್ಕೆ ಒಪ್ಪುವ ಹಾಡು ಕಟ್ಟಿತೆಂದರೆ ಸಾಕು, 'ಪೇಟೆಗೆ ಮಾರಿಕೊಂಡರು' ಎಂದು ನಮ್ಮ ರಸಿಕರು ಮೂಗು ಮುರಿಯುತ್ತಾರೆ. ರಘು ದೀಕ್ಷಿತರ ತಂಡ 2008ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂಡಿಸಿತು. 2013ರ 'ಜಗ್ ಚಂಗಾ'ದಲ್ಲಿ 'ಕೋಡಗನ ಕೋಳಿ ನುಂಗಿತ್ತ'ವನ್ನೂ ಹಾಡಿತು. ತತ್ತ್ವಪದ ಕುಣಿತದ ಪದವಾಯಿತಲ್ಲಾ ಎಂದು ಕೊರಗುವವರಿದ್ದಾರೆ.

ಈ ಕೊರಗಿಗೆ ಬುಡವಿಲ್ಲ. ಕೋಡಗವನ್ನು ಕೋಳಿ ನುಂಗುವುದಕ್ಕಿಂತ ವಿಚಿತ್ರವುಂಟೆ? ಆದರೂ ಅದು ಮಕ್ಕಳ ಬಾಯಲ್ಲಿದೆ. ಅಲ್ಲಮನ ಬೆಡಗನ್ನು ಬಿಡಿಸಲು ಪಂಡಿತರು ಬೇಕು; ಶರೀಫರದನ್ನು ಮೊದಲು ಹಾಡಿಬಿಡಬಹುದು, ಅರ್ಥ ಹಿಂದಿನಿಂದ ಬರುತ್ತದೆ. ಸಿ. ಅಶ್ವತ್ಥರು ಈ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದೂ ಹಾಗೆಯೇ. ನಮ್ಮ ಮಿಡಿಗೇಶಿ, ಪಾವಗಡದ ಕಡೆ ಏಕತಾರಿ ಹಿಡಿದು ತತ್ತ್ವಪದ ಹೇಳುವವರೂ ಕೇಳುವವನ ವಿದ್ಯೆಯನ್ನು ವಿಚಾರಿಸುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ಸುಲಭವಾದದ್ದು ಧಾಟಿಯೋ, ಮಾತೋ? ಧಾಟಿ ಸುಲಭವಾದರೆ ಮನೆಯ ಬಾಗಿಲು ಅಗಲವಾಯಿತು, ಅಷ್ಟೆ. ಮಾತಿನ ಬೆಡಗನ್ನೇ ಕಿತ್ತು ಸಪ್ಪೆ ಮಾಡಿದರೆ ಮನೆಯೇ ಬರಿದಾಯಿತು. ಆಗ ಜಗಳಕ್ಕೆ ನಾನೂ ಬರುತ್ತೇನೆ. ಶರೀಫರ ಒಂದು ಮಾತನ್ನೂ ಅಳ್ಳಕಮಾಡದೆ ಧಾಟಿಯನ್ನಷ್ಟೇ ಹೊಸದು ಮಾಡಿದವರ ಮೇಲೆ ಜಗಳವೇಕೆ? ಜನಕ್ಕೆ ತಿಳಿಯದಿರುವುದೇ ಹಿರಿಮೆಯೆಂದು ನಾವು ಹಟ ಹಿಡಿದರೆ, ಪದ ಉಳಿಯುವುದು ಬಾಯಲ್ಲಲ್ಲ, ಬೀರುವಿನಲ್ಲಿ.